ಅಪ್ಪ ನಿಲ್ಲುತ್ತಿದ್ದ ಜಾಗಗಳು

ಅಪ್ಪ ಮೊದಲ ಸಲ ನಿಂತದ್ದು ಅಮ್ಮನ ಸಮಾಧಿಯ ಹತ್ತಿರ. ಅದನ್ನು ಗಮನಿಸಿದವಳು ನಾನಲ್ಲ, ಅತ್ತೆ. ಅವಳು ಅಪ್ಪನ ಅಕ್ಕ. ಮಾಕಳಿಗೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ಶೆಟ್ಟಿಹಳ್ಳಿಯ ನಮ್ಮ ಮನೆಗೆ ವಾಪಸ್ಸು ಬಂದಿದ್ದಳು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಮ್ಮ ಹೋದಳು. ಅಲ್ಲಿಂದ ಮುಂದೆ ನನ್ನ ತಲೆ ಬಾಚಿದ್ದು, ಬೈದದ್ದು, ಊಟಕ್ಕೆ ಕರೆದದ್ದು ಎಲ್ಲ ಈ ಅತ್ತೆಯೇ. ಹಿತ್ತಿಲ ಕಟ್ಟೆಯ ಮೇಲೆ ಮೊರ ಹಿಡಿದು ಕೂತರೆ ಅವಳ ಕಣ್ಣು ತಪ್ಪಿಸಿ ಒಂದು ಕೋಳಿ ಕೂಡ ಬೇಲಿ ದಾಟುತ್ತಿರಲಿಲ್ಲ.

ಆ ಕಟ್ಟೆಯಿಂದ ನಮ್ಮ ದ್ರಾಕ್ಷಿ ತೋಟಕ್ಕೆ ಒಂದು ಕಾಲುದಾರಿ ಇತ್ತು. ಬಾಗಿಲು ದಾಟಿದರೆ ಮೊದಲು ಬಾವಿ, ಆಮೇಲೆ ಹುಣಸೆ ಮರ, ಆಮೇಲೆ ತೋಟದ ಮೂಲೆಯಲ್ಲಿ ಅಮ್ಮನ ಸಮಾಧಿ, ಅದರಾಚೆ ಚಪ್ಪರ. ನಮ್ಮಲ್ಲಿ ಸುಡುವುದಿಲ್ಲ, ಸ್ವಂತ ಜಮೀನಿನಲ್ಲೇ ಹೂಳುತ್ತೇವೆ. ಸಮಾಧಿ ಎಂದರೆ ದೊಡ್ಡದೇನಲ್ಲ, ಮಣ್ಣಿನ ಗುಡ್ಡೆಯ ಸುತ್ತ ನಾಲ್ಕು ಕಲ್ಲು, ತಲೆಯ ಕಡೆ ಒಂದು ಕಣಗಿಲೆ ಗಿಡ. ಅಪ್ಪ ದಿನಾ ಬೆಳಗ್ಗೆ ಅದರ ಪಕ್ಕದಲ್ಲೇ ಹಾದು ಚಪ್ಪರಕ್ಕೆ ಹೋಗುತ್ತಿದ್ದ. ಹದಿಮೂರು ವರ್ಷ ಒಮ್ಮೆಯೂ ಅಲ್ಲಿ ನಿಂತವನಲ್ಲ. ಅವನಿಗೆ ಬಳ್ಳಿ ಸವರುವುದರ ಮುಂದೆ ಬೇರೆಲ್ಲ ಕಡಿಮೆ. ಕತ್ತರಿ ಹಿಡಿದು ಹೊರಟರೆ ದೇವರು ಎದುರಿಗೆ ಬಂದರೂ ಪಕ್ಕಕ್ಕೆ ಸರಿ ಎನ್ನುವಂಥ ನಡಿಗೆ.

ಎಂಬತ್ತರ ದಶಕ ಶುರುವಾಗಿ ಕೆಲವು ವರ್ಷಗಳಾಗಿದ್ದಿರಬೇಕು. ಒಂದು ಸಂಜೆ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆಯೇ ಅತ್ತೆ ಹತ್ತಿರ ಬಂದು ದನಿ ತಗ್ಗಿಸಿದಳು.

"ನಿಮ್ಮಪ್ಪ ಇವತ್ತು ಗುಡ್ಡೆ ತಾವ ನಿಂತ್ಕಂಡಿದ್ದ ಕಣೇ. ಬೀಡಿ ಅಚ್ಕಂಡು ನೋಡ್ತಾ ನಿಂತಿದ್ದ. ನೆನ್ನೇನೂ ಅಂಗೇ ನಿಂತಿದ್ದ. ಅದೇ ಜಾಗ."

"ಹೆಂಡತಿ ನೆನಪಾಗಿರ್ಬೇಕು ಬಿಡತ್ತೆ."

"ಅದಿಮೂರು ವರ್ಷಕ್ಕಿಲ್ದಿದ್ದು ಈಗ್ಯಾಕೆ ನೆನಪಾಯ್ತದೆ?"

ನಾನು ನಕ್ಕುಬಿಟ್ಟೆ. ಅಪ್ಪನನ್ನು ಕೇಳಿದರೆ "ಸುಮ್ನೆ" ಎಂದ. ಅವನಿಂದ ಅದಕ್ಕಿಂತ ಉದ್ದದ ಉತ್ತರ ಬರಬೇಕಾದರೆ ಪ್ರಶ್ನೆ ದ್ರಾಕ್ಷಿಯ ಬಗ್ಗೆ ಇರಬೇಕಿತ್ತು.

ಒಂದೆರಡು ತಿಂಗಳಿಗೆ ಅಪ್ಪ ನಿಲ್ಲುವ ಜಾಗ ಬದಲಾಯಿತು. ಈಗ ಸಮಾಧಿಯವರೆಗೆ ಹೋಗುವ ಮೊದಲೇ, ಹುಣಸೆ ಮರದ ಹತ್ತಿರ ನಿಲ್ಲುತ್ತಿದ್ದ. ಬೀಡಿ ಹಚ್ಚುತ್ತಿದ್ದ, ಮರದ ಮೇಲೆ ಕೈ ಇಡುತ್ತಿದ್ದ, ಒಂದು ಬೀಡಿ ಮುಗಿಯುವಷ್ಟು ಹೊತ್ತು ಎದುರಿಗೆ ನೋಡುತ್ತಿದ್ದ, ಹೊರಡುತ್ತಿದ್ದ. ಒಂದು ಭಾನುವಾರ ನಾನೇ ನೋಡಿದೆ. ಎದುರಿಗೆ ಯಾರೋ ಬಂದು ದಾರಿ ಕಟ್ಟಿದಾಗ ನಿಲ್ಲುತ್ತೇವಲ್ಲ, ಹಾಗೆ ನಿಂತ. ಎದುರಿಗೆ ಯಾರೂ ಇರಲಿಲ್ಲ. ಅದನ್ನು ಅತ್ತೆಗೆ ನಾನು ಹೇಳಲಿಲ್ಲ, ಹೇಳಿದ್ದರೆ ಅವಳಿಗೆ ಹಬ್ಬವಾಗುತ್ತಿತ್ತು.

ಯುಗಾದಿಯ ಹೊತ್ತಿಗೆ ಅವನು ಬಾವಿಯ ಹತ್ತಿರವೇ ನಿಲ್ಲತೊಡಗಿದ. ಆಗ ಅತ್ತೆ ತನ್ನ ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಿದಳು.

"ಅವ್ಳು ಮನೆ ಕಡೆ ಬತ್ತಾವ್ಳೆ. ಮೊದ್ಲು ಗುಡ್ಡೆ ತಾವ ನಿಲ್ಸಿದ್ಳು. ಆಮ್ಯಾಕೆ ಉಣಸೆ ಮರ. ಈಗ ಬಾವಿಗಂಟ ಬಂದವ್ಳೆ. ನಿಮ್ಮಮ್ಮ ಗಂಡನ್ನ ಕರ್ಕಂಡೋಗಕ್ಕೆ ಬತ್ತಾವ್ಳೆ ಕಣೇ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಅಮ್ಮನನ್ನು ದೆವ್ವ ಮಾಡುವುದಕ್ಕೆ ಇವಳು ಯಾರು ಎಂದು ಕೂಗಾಡಿದೆ. ಆದರೆ ನಿಜ ಹೇಳಬೇಕು. ಮರುದಿನ ಬೆಳಗ್ಗೆ ನೀರು ಸೇದಲು ಹೋದಾಗ ಬಾವಿಯ ಸುತ್ತ ಒಮ್ಮೆ ಕಣ್ಣಾಡಿಸಿದೆ. ಭಯದಿಂದಲೋ ಆಸೆಯಿಂದಲೋ ಇವತ್ತಿಗೂ ಹೇಳಲಾರೆ. ಅಪ್ಪ ತೋಟದಿಂದ ಬರುವಾಗ ಎಲ್ಲಿ ನಿಲ್ಲುತ್ತಿದ್ದ ಎಂದು ನಾವ್ಯಾರೂ ನೋಡಲೇ ಇಲ್ಲ. ಹೆದರಿಕೊಳ್ಳುವುದಕ್ಕೆ ಒಂದು ದಿಕ್ಕೇ ಸಾಕಾಗಿತ್ತು.

ನನ್ನ ಕೆಲಸದ ಬಗ್ಗೆ ಇಲ್ಲಿ ಹೇಳಲೇಬೇಕು, ಯಾಕೆಂದರೆ ನನ್ನ ಕೊಬ್ಬೆಲ್ಲ ಅಲ್ಲಿಂದ ಬಂದದ್ದು. ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಕೈಗಡಿಯಾರ ಜೋಡಿಸುತ್ತಿದ್ದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲಿನಷ್ಟು ತೆಳುವಾದ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಕೂರಿಸಬೇಕು. ಕೂರಿಸಿದ ಕೂಡಲೇ ಸತ್ತಂತಿದ್ದ ಗಡಿಯಾರ ಬೆರಳಿನ ಕೆಳಗೆ ಮಿಡಿಯಲು ಶುರುಮಾಡುತ್ತದೆ. ಆ ಮಿಡಿತ ಸರಿಯಿದೆಯೋ ಕುಂಟುತ್ತಿದೆಯೋ ಎಂಬುದನ್ನು ನಾನು ಕಿವಿಗಿಂತ ಮೊದಲು ಬೆರಳಲ್ಲಿ ಹೇಳುತ್ತಿದ್ದೆ. "ನಿನ್ ಬೆರಳಿಗೆ ಕಣ್ಣಿದೆಯಲ್ಲಮ್ಮಾ" ಎಂದು ಸೂಪರ್‌ವೈಸರು ಎಲ್ಲರೆದುರಿಗೆ ಹೇಳಿದ್ದರು. ನಾನು ಅದನ್ನು ಮನೆಗೆ ಬಂದು ಎರಡು ಸಲ ಹೇಳಿದ್ದೆ.

ಅಪ್ಪ ಕೊನೆಗೆ ಹೊಸಿಲಿನ ಹತ್ತಿರ ನಿಂತ. ಅಷ್ಟು ಹೊತ್ತಿಗೆ ಅವನ ಎಡಗಾಲಿನ ಕಿರುಬೆರಳು ಕಪ್ಪಾಗಿತ್ತು. ಮೀನಖಂಡ ಹಿಂಡಿದಂತೆ ನೋಯುತ್ತದೆ, ನಿಂತರೆ ಹೋಗುತ್ತದೆ, ಮತ್ತೆ ನಡೆದರೆ ಬರುತ್ತದೆ ಎಂಬುದನ್ನು ಈ ಮನುಷ್ಯ ವರ್ಷವಿಡೀ ಯಾರಿಗೂ ಹೇಳಿರಲಿಲ್ಲ. ಬೀಡಿ ಸೇದುವ ನೆಪದಲ್ಲಿ ನಿಲ್ಲುತ್ತಿದ್ದ. ಈಗ ಕೂತಲ್ಲೇ ನೋವು. ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟುಕೊಂಡು ಇಡೀ ದಿನ ಕೂತಿರುತ್ತಿದ್ದ. ಮುಟ್ಟಿದರೆ ಬಾವಿಯ ಕಲ್ಲು ಮುಟ್ಟಿದ ಹಾಗೆ.

ಸಿಟಿಯಲ್ಲಿದ್ದ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. ಅಲ್ಲಿನ ಸರ್ಜನ್ ಬೆರಳಿಟ್ಟು ನೋಡಿ, ಮೊಣಕಾಲಿನ ಮೇಲೆ ಕತ್ತರಿಸಬೇಕು, ವಾರದೊಳಗೆ ಬನ್ನಿ ಎಂದರು. ಮನೆಗೆ ಬಂದ ಮೇಲೆ ಅಪ್ಪ ಒಂದೇ ಒಂದು ಷರತ್ತು ಹಾಕಿದ.

"ಕುಯ್ದ ಕಾಲು ಆಸ್ಪತ್ರೆಯೋರು ಎಲ್ಲೋ ಬಿಸಾಕ್ಬಾರ್ದು. ಮನೆಗೆ ತರ್ಬೇಕು. ಅವ್ಳ ಪಕ್ಕ ಮಣ್ಣು ಮಾಡಿ. ಆಮೇಲೆ ನಾನೂ ಅಲ್ಲಿಗೇ ಬತ್ತೀನಲ್ಲ, ಒಂದು ಕಡೆ ಇರ್ಲಿ."

ಅವನಿಗೆ ಕಾಲೆಂದರೆ ತೋಟ. ಚಪ್ಪರದ ಕೆಳಗೆ ದಿನವಿಡೀ ಕತ್ತು ಎತ್ತಿಕೊಂಡು ನಡೆಯುವವನಿಗೆ ಕಾಲಿಲ್ಲದ ಮೇಲೆ ಉಳಿಯುವುದೇನು? ಅದನ್ನು ಅವನು ಹೇಳಲಿಲ್ಲ, ಚಿಕ್ಕಪ್ಪನನ್ನು ಕರೆದು ಬಳ್ಳಿ ಸವರುವ ಕತ್ತರಿಯನ್ನು ಕೊಟ್ಟುಬಿಟ್ಟ. ನನಗೆ ಅಳು ಬಂದದ್ದು ಆಗ.

ಚಿಕ್ಕಪ್ಪ ಅವಸರದ ಮನುಷ್ಯ. ಆಸ್ಪತ್ರೆಗೆ ಸೇರಿಸುವ ದಿನ ಬೆಳಗ್ಗೆಯೇ ಅಮ್ಮನ ಸಮಾಧಿಯ ಪಕ್ಕದಲ್ಲಿ ಗುಂಡಿ ತೋಡಿಬಿಟ್ಟಿದ್ದ. ಅಗಲ ಕಡಿಮೆ, ಉದ್ದ ಒಂದು ಕಾಲಿನಷ್ಟು. ಅಂಥ ಗುಂಡಿಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮಗುವಿಗೆ ತೋಡಿದ್ದೆಂದು ಯಾರಾದರೂ ತಿಳಿಯಬಹುದಿತ್ತು.

ಆಸ್ಪತ್ರೆಯಲ್ಲಿ ಸರ್ಜನ್ನಿಗಿಂತ ಮೊದಲು ಇನ್ನೊಬ್ಬ ಡಾಕ್ಟರು ಬಂದರು. ಚಿಕ್ಕ ವಯಸ್ಸು, ಹೊರದೇಶದಲ್ಲಿ ಕಲಿತು ಬಂದು ಕೆಲವೇ ತಿಂಗಳಾಗಿತ್ತಂತೆ. ಅಪ್ಪನ ಪಾದ, ಮೊಣಕಾಲಿನ ಹಿಂಭಾಗ, ತೊಡೆಸಂದಿ ಎಲ್ಲ ಕಡೆ ಬೆರಳಿಟ್ಟು ಕಣ್ಣು ಮುಚ್ಚಿಕೊಂಡು ಕೂತರು. ಆಮೇಲೆ ಕೇಳಿದರು.

"ಎಷ್ಟು ದೂರ ನಡೆದ್ರೆ ನೋವು ಬರ್ತಿತ್ತು ಯಜಮಾನ್ರೇ? ಮೊದಮೊದಲು ಎಷ್ಟು ದೂರ, ಆಮೇಲೆ ಎಷ್ಟು?"

ಅಪ್ಪ "ಏನೋ ಸುಮಾರು" ಎಂದ. ಅತ್ತೆ ಮುಂದೆ ಬಂದಳು. ಸಮಾಧಿ, ಹುಣಸೆ ಮರ, ಬಾವಿ, ಹೊಸಿಲು. ಯಾವ ತಿಂಗಳಲ್ಲಿ ಯಾವುದು, ಮನೆಯಿಂದ ಒಂದೊಂದಕ್ಕೂ ಎಷ್ಟು ಹೆಜ್ಜೆ, ಎಲ್ಲ ಹೇಳಿದಳು. ಕರೆಯಲು ಬರುತ್ತಿದ್ದವಳು ಯಾರೆಂಬುದನ್ನೂ ಸೇರಿಸಿದಳು. ಡಾಕ್ಟರು ನಗಲಿಲ್ಲ. ಹೆಜ್ಜೆಗಳನ್ನೆಲ್ಲ ಬರೆದುಕೊಂಡರು.

"ಅಮ್ಮಾ, ಇಷ್ಟು ಕರೆಕ್ಟಾಗಿ ಯಾರೂ ಹೇಳಲ್ಲ. ಕಾಲಿಗೆ ರಕ್ತ ಹೋಗೋ ನಾಳ ಕಟ್ಕೊಳ್ತಾ ಬಂದಿದೆ. ಕಟ್ಕೊಂಡಷ್ಟೂ ನಡೆಯೋ ದೂರ ಕಮ್ಮಿ ಆಗುತ್ತೆ. ಅಷ್ಟೇ ವಿಷಯ."

ನಾನು ಅತ್ತೆಯ ಮುಖ ನೋಡಿದೆ. ಗೆದ್ದೆನಲ್ಲ ಎಂಬ ಖುಷಿ ನನಗೆ. ಅಪ್ಪನ ಕಾಲು ಕತ್ತರಿಸಲು ಬಂದು ಕೂತಿರುವ ಹೊತ್ತಿನಲ್ಲೂ ಅಂಥ ಖುಷಿ ಪಡುವಷ್ಟು ಸಣ್ಣವಳಾಗಿದ್ದೆ ನಾನು.

"ಕತ್ತರಿಸೋಕೆ ಮುಂಚೆ ಒಂದು ಟ್ರೈ ಮಾಡೋಣ" ಎಂದರು ಡಾಕ್ಟರು. "ಕೊಯ್ಯೋದಿಲ್ಲ. ತೊಡೆಸಂದಿಲಿ ಒಂದು ಸೂಜಿ ಚುಚ್ಚಿ, ಅದರೊಳಗಿಂದ ರಕ್ತನಾಳಕ್ಕೆ ಸಣ್ಣ ತಂತಿ ಬಿಡ್ತೀವಿ. ಕಟ್ಟಿರೋ ಜಾಗ ದಾಟಿದ್ರೆ, ತಂತಿ ಮೇಲೆ ಒಂದು ಬಲೂನು ಕಳಿಸಿ ಅಲ್ಲಿ ಉಬ್ಬಿಸ್ತೀವಿ. ದಾರಿ ಅಗಲ ಆಗುತ್ತೆ. ಬಲೂನು, ತಂತಿ ಎಲ್ಲ ವಾಪಸ್ ತೆಗೀತೀವಿ. ಗ್ಯಾರಂಟಿ ಕೊಡಲ್ಲ ನಾನು. ಆಗದೇ ಹೋದ್ರೆ ಸರ್ಜರಿ ಇದ್ದೇ ಇದೆ."

"ಬಲೂನು ಅಂದ್ರೆ ಮಕ್ಳು ಊದ್ತವಲ್ಲ ಅದಾ?" ಎಂದ ಅಪ್ಪ. ಒಂದು ವಾರದಲ್ಲಿ ಅವನು ಆಡಿದ ಮೊದಲ ತಮಾಷೆ ಅದು.

ಎಕ್ಸ್‌ರೇ ಕೋಣೆಯ ಹೊರಗೆ ಒಂದು ಗಾಜಿನ ಕಿಟಕಿ ಇತ್ತು. ಅಲ್ಲಿಂದ ನೋಡಲು ನನಗೆ ಒಂದು ನಿಮಿಷಕ್ಕೆಂದು ಬಿಟ್ಟರು, ಆಮೇಲೆ ನನ್ನನ್ನು ಮರೆತರು. ಅಪ್ಪನಿಗೆ ಪ್ರಜ್ಞೆ ತಪ್ಪಿಸಿರಲಿಲ್ಲ. ಹಸಿರು ಬಟ್ಟೆಯ ಕೆಳಗೆ ಮಲಗಿ ಛಾವಣಿ ನೋಡುತ್ತಿದ್ದ. ಪಕ್ಕದ ಟೀವಿಯಲ್ಲಿ ಅವನ ತೊಡೆಯ ಮೂಳೆ ಕಾಣುತ್ತಿತ್ತು. ಆ ಮೂಳೆಯ ಪಕ್ಕದಲ್ಲಿ ತಂತಿ ಸರಿಯುತ್ತಿತ್ತು. ಒಂದಿಷ್ಟು ಮುಂದೆ ಹೋಗುವುದು, ನಿಲ್ಲುವುದು, ತಲೆ ತಿರುಗಿಸಿ ಹುಡುಕುವುದು, ಮತ್ತೆ ಸರಿಯುವುದು. ಜೀವ ಇರುವ ಏನೋ ಒಂದು ಅಪ್ಪನ ಒಳಗೆ ದಾರಿ ಕೇಳುತ್ತ ಹೋಗುತ್ತಿರುವಂತಿತ್ತು. ಹೊರಗೆ ಅಪ್ಪ ಕಣ್ಣು ಮಿಟುಕಿಸುತ್ತಿದ್ದ. ಅಪ್ಪ ಎಂದರೆ ಆ ಮಲಗಿದವನೋ, ಟೀವಿಯ ಒಳಗಿದ್ದವನೋ ಎಂದು ನನಗೆ ಗೊಂದಲವಾಯಿತು. ಕಿಟಕಿಯ ಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ತಂತಿ ದಾಟಿತು. ಬಲೂನು ಉಬ್ಬಿಸಿದಾಗ ಅಪ್ಪ "ಅವ್ವಾ" ಎಂದದ್ದು ಗಾಜಿನಾಚೆ ಕೇಳಲಿಲ್ಲ, ತುಟಿಯಲ್ಲಿ ಕಾಣಿಸಿತು. ಆಮೇಲೆ ಬಣ್ಣದ ಔಷಧಿ ಬಿಟ್ಟರು. ಮೊದಲು ಮಸುಕಾಗಿದ್ದ ಕಡೆಯಲ್ಲಿ ಒಂದು ಗೆರೆ ಸರ್ರನೆ ಕೆಳಗೆ ಹರಿದು ಕವಲು ಕವಲಾಗಿ ಒಡೆಯಿತು. ಅಪ್ಪ ಟೀವಿಯ ಕಡೆ ಕತ್ತು ತಿರುಗಿಸಿ ಏನೋ ಹೇಳಿದ. ಒಳಗಿದ್ದವರು ನಕ್ಕರು.

ಏನು ಹೇಳಿದೆ ಎಂದು ಆಮೇಲೆ ವಾರ್ಡಿನಲ್ಲಿ ಕೇಳಿದೆ. ತೊಡೆಸಂದಿಯ ಮೇಲೆ ಮರಳಿನ ಚೀಲ ಹೇರಿ, ಕಾಲು ಮಡಿಸದಂತೆ ಮಲಗಿಸಿದ್ದರು.

"ಸವರಿದ ಬಳ್ಳಿ ಇದ್ದಂಗೈತೆ ಅಂದೆ." ಮತ್ತೆ ಹೇಳಿದ, "ಔಸ್ದಿ ಬಿಟ್ಟಾಗ ತೊಡೆಯಿಂದ ಪಾದದ ಗಂಟ ಯಾರೋ ಬೆಚ್ಚಗೆ ಕೈ ಆಡ್ಸಿದಂಗಾಯ್ತು ಕಣವ್ವ. ನಿಮ್ಮಮ್ಮನ ಕೈ ಅಂಗೇ ಇರ್ತಿತ್ತು."

ಔಷಧಿ ಬಿಟ್ಟರೆ ಎಲ್ಲರಿಗೂ ಹಾಗೆ ಬಿಸಿಯಾಗುತ್ತದೆ ಎಂದು ಸಿಸ್ಟರ್ ಹೇಳಿದರು. ನಾನು ಅಪ್ಪನ ಪಾದ ಮುಟ್ಟಿದೆ. ಬೆಚ್ಚಗಿತ್ತು. ಎಷ್ಟೋ ತಿಂಗಳಿನಿಂದ ಕಲ್ಲಾಗಿದ್ದದ್ದು ಬೆಚ್ಚಗಿತ್ತು. ನಾನು ಅಲ್ಲೇ ಮಂಚದ ಕಬ್ಬಿಣಕ್ಕೆ ಹಣೆ ಒತ್ತಿಕೊಂಡು ಅತ್ತುಬಿಟ್ಟೆ.

ಡಾಕ್ಟರು ಸಂಜೆ ಬಂದು ಪಾದದ ಮೇಲ್ಭಾಗದಲ್ಲಿ ಬಾಲ್‌ಪೆನ್ನಿನಿಂದ ಒಂದು ಸಣ್ಣ ಅಡ್ಡಗೆರೆಯ ಗುರುತು ಹಾಕಿದರು. "ಇಲ್ಲಿ ನಾಡಿ ಸಿಗುತ್ತೆ. ದಿನಾ ಬೆಳಗ್ಗೆ ನೋಡ್ಬೇಕು. ಹೆಬ್ಬೆರಳು ಬೇಡ, ಈ ಎರಡು ಬೆರಳು. ಹಗುರವಾಗಿ. ಯಾವತ್ತು ಸಿಗಲ್ವೋ ಅವತ್ತೇ ಕರ್ಕೊಂಡು ಬನ್ನಿ, ಒಂದು ದಿನಾನೂ ಕಾಯ್ಬೇಡಿ. ಬೇಗ ಬಂದ್ರೆ ಮತ್ತೆ ತೆಗೀಬಹುದು. ಮತ್ತೆ ಬೀಡಿ ಮುಟ್ಟಿದ್ರೆ ಮಾತ್ರ ನನ್ನ ಹತ್ರ ಬರಬೇಡಿ ಯಜಮಾನ್ರೇ."

ನಾನು ಬೆರಳಿಟ್ಟೆ. ಮೊದಲ ಸಲಕ್ಕೇ ಸಿಕ್ಕಿತು. ಹುಲ್ಲಿನ ಕೆಳಗೆ ಹುಳ ಆಡಿದಷ್ಟು ಸಣ್ಣಗೆ, ಆದರೆ ತಪ್ಪದೆ. "ಗುಡ್" ಎಂದರು ಡಾಕ್ಟರು. ನಾನು ಗಡಿಯಾರದ ಕೆಲಸದವಳು ಎಂದೆ.

ಮನೆಗೆ ಬಂದರೆ ತೋಟದ ಮೂಲೆಯಲ್ಲಿ ಗುಂಡಿ ಬಾಯಿ ತೆರೆದುಕೊಂಡಿತ್ತು. ಚಿಕ್ಕಪ್ಪ ಮುಚ್ಚಲು ಹೊರಟರೆ ಅತ್ತೆ ಬಿಡಲಿಲ್ಲ. ಒಬ್ಬರ ಹೆಸರಿನಲ್ಲಿ ತೋಡಿದ್ದನ್ನು ಬರಿದಾಗಿ ಮುಚ್ಚಬಾರದು, ಅದು ಕಾಯುತ್ತಲೇ ಇರುತ್ತದೆ ಎಂದಳು. ಒಂದು ಬಾಳೆದಿಂಡನ್ನು ಅಳತೆಗೆ ಕತ್ತರಿಸಿ, ಅಪ್ಪನ ಹಳೆಯ ಟೆರಿಕಾಟ್ ಶರ್ಟಿನಲ್ಲಿ ಸುತ್ತಿ, ಎರಡು ತೋಳನ್ನೂ ಗಂಟು ಹಾಕಿ, ಅರಿಸಿನ ಕುಂಕುಮ ಹಾಕಿ ಹೂಳಿಸಿದಳು. "ಇದೇ ಕಾಲು ಅನ್ಕೊ, ತಕ್ಕೊಂಡು ಸುಮ್ನಿರು" ಎಂದು ಸಮಾಧಿಯ ಕಡೆ ತಿರುಗಿ ಹೇಳಿದಳು. ಅಮ್ಮನಿಗೆ ಹೀಗೆ ಸುಳ್ಳು ಹೇಳುವುದನ್ನು ಕೇಳಿ ನನಗೆ ನಾಚಿಕೆಯಾಯಿತು.

ಅಪ್ಪ ಚಿಕ್ಕಪ್ಪನಿಂದ ಕತ್ತರಿ ವಾಪಸ್ಸು ಇಸಿದುಕೊಂಡ. ಹದಿನೈದು ದಿನದ ಮೇಲೆ ಒಂದು ಬೆಳಗ್ಗೆ ಬಾವಿ, ಹುಣಸೆ ಮರ, ಸಮಾಧಿ ಎಲ್ಲವನ್ನೂ ದಾಟಿ ಒಂದೇ ಉಸಿರಿಗೆ ಚಪ್ಪರ ಸೇರಿದ. ನಾನು ಕಟ್ಟೆಯ ಮೇಲೆ ನಿಂತು ಚಪ್ಪಾಳೆ ತಟ್ಟಿದೆ. ಅತ್ತೆ ಮೊರ ಕೆಳಗಿಟ್ಟು, "ಅವ್ಳ ಕಡೆ ತಿರುಗೂ ನೋಡ್ನಿಲ್ಲ ನೋಡು" ಎಂದಳು. ಖುಷಿಗೆ ಹೇಳಿದಳೋ ಬೇಜಾರಿಗೋ ಗೊತ್ತಾಗಲಿಲ್ಲ.

ಅಲ್ಲಿಂದ ಪ್ರತಿ ಬೆಳಗ್ಗೆ ಕಾರ್ಖಾನೆಯ ಬಸ್ಸಿಗೆ ಹೊರಡುವ ಮೊದಲು ನಾನು ಅಪ್ಪನ ಮಂಚದ ತುದಿಯಲ್ಲಿ ಕೂರುತ್ತಿದ್ದೆ. ಅವನು ಕಾಲು ಚಾಚುತ್ತಿದ್ದ. ಬಾಲ್‌ಪೆನ್ನಿನ ಗುರುತು ಅಳಿಸಿಹೋಗಿ ಎಷ್ಟೋ ದಿನವಾಗಿದ್ದರೂ ನನ್ನ ಬೆರಳಿಗೆ ಜಾಗ ಬಾಯಿಪಾಠ.

"ಐತೇನವ್ವಾ?"

"ಐತಪ್ಪ."

ಅಷ್ಟೇ ಮಾತು. ಅವನು ಎದ್ದು ಹೋಗುತ್ತಿದ್ದ, ನಾನು ಬಸ್ಸಿಗೆ ಓಡುತ್ತಿದ್ದೆ. ಅಪ್ಪನ ಜೊತೆ ನಾನು ದಿನಾ ಮಾತಾಡುತ್ತಿದ್ದುದು ಆ ಕಾಲದಲ್ಲೇ. ಈ ಕೆಲಸದಲ್ಲಿ ನನಗೆ ಎಷ್ಟು ಸಂತೋಷವಿತ್ತೆಂದರೆ, ಯಶವಂತಪುರದಿಂದ ಬಂದ ಒಂದು ಗಂಡಿನ ಕಡೆಯವರಿಗೆ ನಾನೇ ಏನೋ ನೆಪ ಹೇಳಿ ಕಳಿಸಿದೆ. ದಿನಾ ಬೆಳಗ್ಗೆ ಅಪ್ಪನ ಕಾಲು ನೋಡುವವರು ಯಾರು?

ಒಂದು ವರ್ಷದ ಮೇಲೆ ಇನ್ನೂ ಕೆಲವು ತಿಂಗಳು ಕಳೆದವು. ಅಪ್ಪ ಚಪ್ಪರದ ಆ ತುದಿಯಲ್ಲಿ ಕೂತು ಮತ್ತೆ ಬೀಡಿ ಸೇದುತ್ತಾನೆಂದು ಗೊತ್ತಾಗಿ ಜಗಳವಾಡಿದೆ. "ಐತಲ್ಲ, ಇನ್ನೇನು?" ಎಂದ. ಇತ್ತು. ದಿನಾ ಇತ್ತು. ನಾನೂ ಸುಮ್ಮನಾದೆ.

ಕಾರ್ತಿಕದ ಚಳಿ ಶುರುವಾದಾಗ ಅತ್ತೆ ಒಂದು ಸಂಜೆ ಮತ್ತೆ ದನಿ ತಗ್ಗಿಸಿದಳು.

"ಮತ್ತೆ ನಿಂತ ಕಣೇ. ಗುಡ್ಡೆ ತಾವ."

"ಅತ್ತೇ, ದಯವಿಟ್ಟು ಶುರು ಮಾಡ್ಬೇಡ."

"ನಾನ್ಯಾಕೆ ಸುಳ್ಳೇಳ್ಲಿ? ಬಾಳೆದಿಂಡು ಅಂತ ಅವ್ಳಿಗೆ ಗೊತ್ತಾಗೈತೆ."

"ನಾನು ದಿನಾ ಬೆರಳಿಟ್ಟು ನೋಡ್ತೀನಿ. ನಾಡಿ ಗಟ್ಟಿಯಾಗಿದೆ. ಡಾಕ್ಟರು ಹೇಳ್ಕೊಟ್ಟಿರೋದು ನನಗೆ, ನಿನಗಲ್ಲ. ದೆವ್ವದ ಕತೆ ಕಟ್ಕೊಂಡು ಅವನನ್ನ ಹೆದರಿಸಬೇಡ."

ಅವಳು ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಎರಡೇ ಮಾತು: "ಉಣಸೆ ಮರ." ನಾನು ಎದ್ದು ಒಳಗೆ ಹೋದೆ.

ಮರುದಿನ ಬೆಳಗ್ಗೆ ಜಾಸ್ತಿ ಹೊತ್ತು ನೋಡಿದೆ. ಬೆರಳು ಇಟ್ಟ ಕೂಡಲೇ ಸಿಗಲಿಲ್ಲ. ಚಳಿಗೆ ಹಾಗಾಗುತ್ತದೆ ಎಂದುಕೊಂಡು ಸ್ವಲ್ಪ ಒತ್ತಿದೆ. ಸಿಕ್ಕಿತು. ಇನ್ನೂ ಒತ್ತಿದರೆ ಇನ್ನೂ ಚೆನ್ನಾಗಿ ಸಿಕ್ಕಿತು. ಒಂದೊಂದು ದಿನವೂ ಮೊದಲಿಗಿಂತ ಗಟ್ಟಿಯಾಗುತ್ತಿದೆ ಎನ್ನಿಸಿತು ನನಗೆ. ಆ ದಿನಗಳಲ್ಲಿ ಒಮ್ಮೆ ಅಪ್ಪ, "ಕಾಲು ತಣ್ಣಗೈತೆ ಕಣವ್ವ" ಎಂದ.

"ಚಳಿಗಾಲ ಅಲ್ವೇನಪ್ಪ."

"ಓಗ್ಲಿ ಬಿಡು. ನೀನು ಐತೆ ಅಂದ್ರೆ ಐತೆ."

ಅವನು ನನ್ನ ಮಾತನ್ನು ನಂಬಿದ. ನೋವು ಬಂದರೂ ನನ್ನ ಮಾತನ್ನು ನಂಬಿದ. ನಾಡಿ ಇದೆಯೆಂದು ಮಗಳು ದಿನಾ ಹೇಳುತ್ತಿರುವಾಗ ದಾರಿಯಲ್ಲಿ ನಿಲ್ಲಿಸುತ್ತಿರುವುದು ಕಾಯಿಲೆಯಲ್ಲ, ಅಕ್ಕ ಹೇಳುವುದೇ ನಿಜ ಎಂದು ತೀರ್ಮಾನಕ್ಕೆ ಬಂದಿದ್ದನಂತೆ. ಹುಣಸೆ ಮರದ ಕೆಳಗೆ ನಿಂತು ಅಮ್ಮನ ಹತ್ತಿರ ಮಾತಾಡಲು ಶುರುಮಾಡಿದ್ದ. ಸ್ವಲ್ಪ ತಡಿ, ಈ ಸಲದ ಬೆಳೆ ಮುಗೀಲಿ ಎಂದು ಹೇಳುತ್ತಿದ್ದನಂತೆ. ಅತ್ತೆ ಇದನ್ನು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ಅದೇ ಕಾಲಿನ ಹೆಬ್ಬೆರಳು ಕಪ್ಪಾದ ದಿನವೂ ನಾನು ಬೆಳಗ್ಗೆ "ಐತಪ್ಪ" ಎಂದೇ ಹೋಗಿದ್ದೆ. ಸಂಜೆ ಬಂದು ನೋಡಿದರೆ ಪಾದ ಸೀಸದ ಬಣ್ಣಕ್ಕೆ ತಿರುಗಿತ್ತು. ಚಿಕ್ಕಪ್ಪ ತರಕಾರಿ ಮಂಡಿಗೆ ಹೋಗುವ ಟೆಂಪೊ ನಿಲ್ಲಿಸಿ ಕೂರಿಸಿದ. ಆಸ್ಪತ್ರೆಯಲ್ಲಿ ಸಿಸ್ಟರ್ ಪಾದ ಮುಟ್ಟಿ, "ನಾಡಿ ಇಲ್ಲವಲ್ಲ, ಎಷ್ಟು ದಿನದಿಂದ ಹೀಗಿದೆ?" ಎಂದರು.

"ಇದೆ" ಎಂದೆ ನಾನು. "ಬೆಳಗ್ಗೆ ಕೂಡ ಇತ್ತು. ನೋಡಿ." ಅವರ ಎದುರಿಗೇ ಬೆರಳಿಟ್ಟು ಒತ್ತಿದೆ. ಅದು ಅಲ್ಲೇ ಇತ್ತು, ಸ್ಪಷ್ಟವಾಗಿ, ಜೋರಾಗಿ.

ಸಿಸ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಎಡಗೈಯನ್ನು ಹಿಡಿದು ಅಪ್ಪನ ಮಣಿಕಟ್ಟಿನ ಮೇಲೆ ಇಟ್ಟರು. "ಎರಡೂ ಒಟ್ಟಿಗೆ ನೋಡಮ್ಮ. ಕೈದು ಕಾಲಿಂದು ಒಂದೇ ಸಮ ಹೊಡ್ಕೊಳ್ತಿದೆಯಾ?"

ಬಂದ ಕೂಡಲೇ ಕೊಟ್ಟ ನೋವಿನ ಇಂಜೆಕ್ಷನ್ನಿಗೆ ಅಪ್ಪ ಮಂಪರಿನಲ್ಲಿದ್ದ. ಅವನ ಮಣಿಕಟ್ಟಿನಲ್ಲಿ ನಾಡಿ ನಿಧಾನವಾಗಿತ್ತು, ಸುಸ್ತಾದವನ ಹೆಜ್ಜೆಯ ಹಾಗೆ. ಪಾದದಲ್ಲಿ ಮಿಡಿಯುತ್ತಿದ್ದುದು ಓಡುತ್ತಿತ್ತು. ಎರಡಕ್ಕೂ ಸಂಬಂಧವೇ ಇರಲಿಲ್ಲ. ಒಂದೇ ದೇಹದಲ್ಲಿ ಇಬ್ಬರಿದ್ದರು. ನನ್ನ ಎದೆ ಹೊಡೆದುಕೊಳ್ಳುವುದು ನನಗೆ ಕಿವಿಯಲ್ಲಿ ಕೇಳುತ್ತಿತ್ತು, ಪಾದದಲ್ಲಿದ್ದದ್ದು ಅದೇ ವೇಗಕ್ಕೆ ಸರಿಯಾಗಿ ಮಿಡಿಯುತ್ತಿತ್ತು.

"ಗಟ್ಟಿಯಾಗಿ ಒತ್ತಿದ್ರೆ ಯಾವ ಬೆರಳಾದ್ರೂ ಅಷ್ಟೇ" ಎಂದರು ಸಿಸ್ಟರ್. "ಅದು ನಿನ್ನದೇ ನಾಡಿ."

ಎಷ್ಟು ದಿನದಿಂದ? ಅದು ನನಗೆ ಗೊತ್ತಿಲ್ಲ, ಎಂದಿಗೂ ಗೊತ್ತಾಗುವುದಿಲ್ಲ. ಯಾವ ಬೆಳಗಿನವರೆಗೆ ಅದು ಅಪ್ಪನದಾಗಿತ್ತು, ಯಾವ ಬೆಳಗಿನಿಂದ ನನ್ನದಾಯಿತು? ಸತ್ತ ಪಾದವನ್ನು ಹಿಡಿದುಕೊಂಡು ನನ್ನದೇ ರಕ್ತವನ್ನು ಎಣಿಸಿ, ಇದೆ ಇದೆ ಎಂದು ಹೇಳಿ ಬಸ್ಸು ಹತ್ತುತ್ತಿದ್ದೆ. ಅತ್ತೆ ಮಾತ್ರ ಸರಿಯಾಗಿ ನೋಡಿದ್ದಳು. ಸಮಾಧಿ, ಆಮೇಲೆ ಹುಣಸೆ ಮರ. ರೋಗ ಒಂದೊಂದು ಹೆಜ್ಜೆ ಹತ್ತಿರ ಬರುವುದನ್ನು ಅವಳು ಹೇಳಿದ್ದಳು. ಅವಳು ಅದಕ್ಕೆ ಅಮ್ಮನ ಹೆಸರಿಟ್ಟಳು ಎಂಬ ಒಂದೇ ಕಾರಣಕ್ಕೆ ನಾನು ಕಿವಿ ಮುಚ್ಚಿಕೊಂಡೆ. ಅದೇ ಹೆಜ್ಜೆಗಳನ್ನು ಡಾಕ್ಟರು ನನ್ನ ಎದುರಿಗೇ ಗೌರವದಿಂದ ಬರೆದುಕೊಂಡದ್ದನ್ನು ನೋಡಿಯೂ ಕಲಿಯಲಿಲ್ಲ.

ಡಾಕ್ಟರು ಮತ್ತೆ ಪ್ರಯತ್ನಿಸಿದರು. ನಾನು ಈ ಸಲ ಕಿಟಕಿಯ ಹತ್ತಿರ ಹೋಗಲಿಲ್ಲ. ತಂತಿ ದಾಟಲಿಲ್ಲವಂತೆ. ಒಳಗೆ ಉದ್ದಕ್ಕೂ ಹೆಪ್ಪುಗಟ್ಟಿ ಗಟ್ಟಿಯಾಗಿತ್ತು. "ಒಂದು ತಿಂಗಳು ಮುಂಚೆ ಬಂದಿದ್ರೆ..." ಎಂದು ಶುರುಮಾಡಿದ ಡಾಕ್ಟರು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಕತ್ತರಿಸಿದ ಕಾಲನ್ನು ಬಿಳಿಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಟೆಂಪೊದಲ್ಲಿ ಹೆಬ್ಬಾಳದ ಕೆರೆ ಬಳಸಿ ಬರುವಾಗ ಅದು ಚಿಕ್ಕಪ್ಪನ ತೊಡೆಯ ಮೇಲಿತ್ತು. ಇಷ್ಟೊಂದು ಭಾರ ಇರುತ್ತದೆಂದು ತಿಳಿದಿರಲಿಲ್ಲ ಎಂದ. ಸಮಾಧಿಯ ಪಕ್ಕ ಹಳೆಯ ಗುಂಡಿಯನ್ನೇ ಅಗೆದರು. ಬಾಳೆದಿಂಡು ಕರಗಿ ಹೋಗಿತ್ತು. ಟೆರಿಕಾಟ್ ಶರ್ಟು ಮಾತ್ರ ಬಣ್ಣ ಸಹ ಮಾಸದೆ, ತೋಳಿನ ಎರಡೂ ಗಂಟು ಬಿಚ್ಚದೆ, ಒಳಗೆ ಏನೂ ಇಲ್ಲದೆ ಬಿದ್ದಿತ್ತು. ನಾನು ಅದನ್ನು ತೆಗೆದುಕೊಂಡೆ. ಅತ್ತೆ ಸಮಾಧಿಯ ಕಡೆ ನೋಡಿ, "ಅರ್ಧ ಕೊಟ್ಟಿದ್ದೀವಿ. ಅರ್ಧ ಬಿಡು" ಎಂದಳು. ಈ ಸಲ ನನಗೆ ನಾಚಿಕೆಯಾಗಲಿಲ್ಲ, ಅವಳ ಜೊತೆ ನಾನೂ ಕೈಮುಗಿದೆ.

ಅಪ್ಪನಿಗೆ ನಾನು ನಿಜ ಹೇಳಲಿಲ್ಲ. ಹೇಳಬೇಕೆಂದು ಅನೇಕ ಸಲ ಮಂಚದ ಹತ್ತಿರ ಹೋದೆ. ಅವನು ಕಟ್ಟೆಯ ಮೇಲೆ ಕೂತು ದೂರದಿಂದಲೇ ಚಪ್ಪರ ನೋಡುತ್ತಿದ್ದ. ಚಿಕ್ಕಪ್ಪ ಸವರುವುದು ಸರಿಯಿಲ್ಲ ಎಂದು ಬೈಯುತ್ತಿದ್ದ. ನನ್ನನ್ನು ಒಂದು ದಿನವೂ ಬೈಯಲಿಲ್ಲ. ನಾನು ಪಾದ ನೋಡುತ್ತಿದ್ದ ಹೊತ್ತು ದಿನಾ ಬೆಳಗ್ಗೆ ಖಾಲಿ ಬರುತ್ತಿತ್ತು. ಬಸ್ಸಿಗೆ ಮೊದಲಿನಷ್ಟೇ ಬೇಗ ಸಿದ್ಧಳಾಗಿ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿರುತ್ತಿದ್ದೆ.

ಎರಡು ತಿಂಗಳಾಗಿರಬೇಕು. ಒಂದು ಬೆಳಗ್ಗೆ ಅವನು ಒಳಗಿನಿಂದ ಕರೆದ. ಹೋದೆ. ಕಂಬಳಿ ಹೊದ್ದು ಒರಗಿ ಕೂತಿದ್ದ. ಮುಖ ಹಿಂಡಿಕೊಂಡಿತ್ತು.

"ಎಡಗಾಲು ತಣ್ಣಗಾಗ್ತಾ ಐತೆ ಕಣವ್ವ. ಪಾದ. ಒಸಿ ನೋಡು."

ಕತ್ತರಿಸಿದವರಿಗೆ ಹೀಗಾಗುತ್ತದೆ, ಕಾಲು ಇದೆಯೆಂದೇ ಅನ್ನಿಸುತ್ತಿರುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಪ್ಪಾ, ಅಲ್ಲಿ ಕಾಲಿಲ್ಲ ಎಂದು ಹೇಳಬೇಕಿತ್ತು. ನಾನು ಮಂಚದ ತುದಿಯಲ್ಲಿ ಕೂತೆ. ಕಂಬಳಿ ಅವನ ತೊಡೆ ಮುಗಿಯುವಲ್ಲಿ ಚಪ್ಪಟೆಯಾಗಿ ಇಳಿದಿತ್ತು. ಪಾದ ಇರಬೇಕಾಗಿದ್ದ ಜಾಗ ನನ್ನ ಕೈಗೆ ಗೊತ್ತಿತ್ತು. ಅಲ್ಲಿ ಹಾಸಿಗೆಯ ಮೇಲೆ ಎರಡು ಬೆರಳಿಟ್ಟು ಒತ್ತಿದೆ.

"ಐತೇನವ್ವಾ?"

ಬೆರಳಿನ ಕೆಳಗೆ ಮಿಡಿಯುತ್ತಿತ್ತು. ಗಟ್ಟಿಯಾಗಿ, ಒಂದೇ ಸಮನೆ.

"ಐತಪ್ಪ" ಎಂದೆ.

ಅವನು ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದ. ಆಮೇಲೆ ತೀರಾ ಮೆಲ್ಲಗೆ ಹೇಳಿದ.

"ಅಷ್ಟು ಒತ್ತಬ್ಯಾಡ ಕಣವ್ವ. ನೋಯ್ತದೆ."

ನಾನು ಬೆರಳು ತೆಗೆದೆ. ಅವನ ಮುಖದ ಮೇಲಿದ್ದ ನೋವು ಇಳಿಯಿತು.